ದೆಹಲಿಯ ಜಲದಲ್ಲಿ ಔಷಧಲೇಶ

ದೆಹಲಿ ಮಹಾನಗರವು ಕುಡಿಯುವ ನೀರಿಗಾಗಿ ಆಶ್ರಯಿಸಿರುವ ಮೂಲಗಳು ಹಲವು. ಹರಿಯಾಣದ ಕಾಲುವೆಗಳ ಮೂಲಕವೂ ತನ್ನ ಸಹಜ ಪಾತ್ರದ ಮೂಲಕವೂ ಬರುವ ಯಮುನೆ, ಹರಿದ್ವಾರದಲ್ಲಿ ಕಾಲುವೆಗೆ ತಿರುಗಿ ಮುರಾದ್‌ನಗರದಿಂದ ಸೋನಿಯಾ ವಿಹಾರ ಮತ್ತು ಭಾಗೀರಥಿ ಶುದ್ಧೀಕರಣ ಘಟಕಗಳನ್ನು ಸೇರುವ ಗಂಗೆ, ದೂರದ ಭಾಕ್ರಾ ಜಲಾಶಯದಿಂದ ಬರುವ ಪಾಲು, ಪಲ್ಲಾ ಗ್ರಾಮದ ನದೀಬಯಲಿನ ಕೊಳವೆಬಾವಿಗಳು ಇವೆಲ್ಲವೂ ಕೂಡಿಯೂ ನಗರದ ದಾಹ ಹಿಂಗದೆ, ಟ್ಯಾಂಕರುಗಳೂ ಖಾಸಗಿ ಬೋರ್‌ವೆಲ್‌ಗಳೂ ಆ ಕೊರತೆಯನ್ನು ತುಂಬುತ್ತ ಬಂದಿವೆ. ಇಷ್ಟು ಬಗೆಯ ನೀರನ್ನು ಕುಡಿಯುವ ಊರಿನಲ್ಲಿ, ಆ ನೀರಿನೊಳಗೆ ಪ್ರತಿಜೈವಿಕ ಔಷಧಗಳ, ಅಂದರೆ ನಾವು ನಿತ್ಯವೂ ಆಂಟಿಬಯೋಟಿಕ್ ಎಂದು ಕರೆಯುವ ಗುಳಿಗೆಗಳ, ಲೇಶಾಂಶವುಂಟೇ, ಉಂಟಾದರೆ ಎಷ್ಟು, ಆ 'ಎಷ್ಟು' ಎಂಬುದನ್ನು ಯಾವ ಧೈರ್ಯದಿಂದ ಹೇಳಬಹುದು ಎಂಬ ಪ್ರಶ್ನೆಯನ್ನು ಕಳೆದ ಎರಡು ದಶಕಗಳ ಸಂಶೋಧನೆಯ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮೊದಲು ಸ್ಥಳದ ರಚನೆಯನ್ನು ತಿಳಿಯತಕ್ಕದ್ದು. 1959ರಲ್ಲಿ ಕಟ್ಟಿದ ವಜೀರಾಬಾದ್ ಅಣೆಕಟ್ಟಿನ ಮೇಲ್ಭಾಗದಲ್ಲಿ ನಗರವು ತನ್ನ ಕುಡಿಯುವ ನೀರನ್ನು ಎತ್ತಿಕೊಳ್ಳುತ್ತದೆ. ಅದೇ ಅಣೆಕಟ್ಟನ್ನು ದಾಟಿದೊಡನೆ, ಒಂದು ಕಾಲದಲ್ಲಿ ಸಾಹಿಬಿ ಎಂಬ ನದಿಯಾಗಿದ್ದು ಈಗ ಮಹಾಚರಂಡಿಯಾಗಿರುವ ನಜಫ್‌ಗಢ ನಾಲೆಯು ಬಂದು ಯಮುನೆಗೆ ಬೀಳುತ್ತದೆ. ಅಲ್ಲಿಂದ ಓಖ್ಲಾದವರೆಗಿನ ಸುಮಾರು 22 ಕಿಲೋಮೀಟರು ನದಿಯ ಒಟ್ಟು ಉದ್ದದಲ್ಲಿ ನೂರಕ್ಕೆ ಎರಡಂಶವೂ ಇಲ್ಲ. ಆದರೂ ಯಮುನೆಯ ಮಾಲಿನ್ಯದ ಬಹುಪಾಲು ಸೇರುವುದು ಈ ಅಲ್ಪ ಅಂತರದಲ್ಲಿಯೇ. ದೆಹಲಿಯವನು ಇದನ್ನು ಕಂಡು, ತಾನು ಕುಡಿಯುವುದು ಮೇಲಿನ ನೀರು, ಬಿಡುವುದು ಕೆಳಗಿನ ನೀರು ಎಂದು ಸಮಾಧಾನಪಟ್ಟುಕೊಳ್ಳಬಹುದು. ಆದರೆ ಮೇಲಿನ ಪಾಣಿಪತ್ತು ಸೋನಿಪತ್ತುಗಳಿಗೆ ದೆಹಲಿಯು ಕೆಳಗಿನ ಊರು. ದೆಹಲಿಗೆ ಮಥುರೆ ಆಗ್ರಾಗಳು ಕೆಳಗಿನ ಊರುಗಳು. ಆಗ್ರಾದ ಜಲಾಗಾರಗಳು ಇದೇ ಯಮುನೆಯಿಂದ ನೀರೆತ್ತಿವೆ. ಒಬ್ಬರ ಚರಂಡಿ ಇನ್ನೊಬ್ಬರ ಕೊಡವಾಗುವ ಈ ಸಂಬಂಧವನ್ನು ಮರೆತು ಕೇವಲ ನಲ್ಲಿಯ ನೀರನ್ನು ಪ್ರತ್ಯೇಕವಾಗಿ ವಿಚಾರಿಸುವುದು ವ್ಯರ್ಥ.

ಔಷಧವು ನೀರಿಗೆ ಬರುವ ದಾರಿಗಳಲ್ಲಿ ಮುಖ್ಯವಾದುದು ಮನುಷ್ಯದೇಹವೇ. ಬಾಯಿಂದ ಸೇವಿಸಿದ ಸಿಪ್ರೊಫ್ಲಾಕ್ಸಸಿನ್ನಿನ ಹತ್ತಿರ ಹತ್ತಿರ ಅರ್ಧಭಾಗವೂ ಅಮಾಕ್ಸಿಸಿಲಿನ್ನಿನ ಅರ್ಧಕ್ಕಿಂತ ಹೆಚ್ಚಿನ ಭಾಗವೂ ಯಾವ ಬದಲಾವಣೆಯೂ ಇಲ್ಲದೆ ಮೂತ್ರದಲ್ಲಿ ಹೊರಬೀಳುತ್ತವೆ. ಇದಕ್ಕೆ ಆಸ್ಪತ್ರೆಗಳ ತ್ಯಾಜ್ಯ, ಕೋಳಿಸಾಕಣೆ, ಔಷಧ ಕಾರ್ಖಾನೆಗಳ ಹೊರನೀರು, ಗಾಜಿಪುರದಂತಹ ಕಸದ ಬೆಟ್ಟಗಳಲ್ಲಿ ಮನೆಕಸದೊಡನೆ ಸೇರಿ ಮಳೆಗೆ ನೆನೆದು ಅಂತರ್ಜಲಕ್ಕೆ ಇಳಿಯುವ ಹಳೆಯ ಮಾತ್ರೆಗಳು ಕೂಡಿಕೊಳ್ಳುತ್ತವೆ. ವೈದ್ಯರ ಚೀಟಿಯಿಲ್ಲದೆ ಕೆಲವು ಪ್ರತಿಜೈವಿಕಗಳನ್ನು ಮಾರಬಾರದೆಂದು ಔಷಧ ನಿಯಮಗಳ ಎಚ್1 ಅನುಸೂಚಿಯು 2014ರಲ್ಲಿ ಜಾರಿಗೆ ಬಂದರೂ, ಗಲ್ಲಿಯ ಔಷಧದಂಗಡಿಯಲ್ಲಿ ನೆಗಡಿಗೂ ಭೇದಿಗೂ ಒಂದೇ ಪಟ್ಟಿಯ ಮಾತ್ರೆಯನ್ನು ಕೇಳಿ ಪಡೆಯುವ ರೂಢಿ ಅಳಿದಿಲ್ಲ.

ಹೀಗೆ ನೀರಿಗೆ ಸೇರಿದ ಲೇಶವನ್ನು ಅಳೆಯುವ ವಿದ್ಯೆಯ ಕಥೆಯು ಔಷಧದ ಕಥೆಗಿಂತಲೂ ಹಳೆಯದು. ಫ್ಲೆಮಿಂಗನು 1928ರಲ್ಲಿ ಪೆನಿಸಿಲಿನ್ನನ್ನು ಕಾಣುವುದಕ್ಕೆ ಕಾಲು ಶತಮಾನ ಮೊದಲೇ, ವಾರ್ಸಾದಲ್ಲಿದ್ದ ಸಸ್ಯವಿಜ್ಞಾನಿ ಮಿಖಾಯಿಲ್ ಸ್ವೆಟ್ ಎಂಬಾತನು ಎಲೆಯ ರಸವನ್ನು ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ನಾಳದ ಮೂಲಕ ಇಳಿಯಬಿಟ್ಟು, ಹಸಿರು ಹಳದಿ ವರ್ಣದ್ರವ್ಯಗಳು ಬೇರೆ ಬೇರೆ ಪಟ್ಟೆಗಳಾಗಿ ನಿಲ್ಲುವುದನ್ನು ಕಂಡು, 1906ರಲ್ಲಿ ಈ ವಿಧಾನಕ್ಕೆ ಕ್ರೊಮ್ಯಾಟೊಗ್ರಫಿ ಎಂದು ಹೆಸರಿಟ್ಟು ಪ್ರಕಟಿಸಿದನು. ಬಹುಕಾಲ ಅಲಕ್ಷ್ಯಕ್ಕೆ ಗುರಿಯಾಗಿದ್ದ ಈ ವಿಧಾನವನ್ನು ಮಾರ್ಟಿನ್ ಮತ್ತು ಸಿಂಜ್ ಎಂಬ ಆಂಗ್ಲ ವಿಜ್ಞಾನಿಗಳು 1941ರಲ್ಲಿ ಹೊಸ ತತ್ತ್ವದ ಮೇಲೆ ನಿಲ್ಲಿಸಿ 1952ರಲ್ಲಿ ನೊಬೆಲ್ ಪುರಸ್ಕಾರವನ್ನು ಪಡೆದರು. ಜಾತ್ರೆಯಲ್ಲಿ ಒಟ್ಟಿಗೆ ಹೊರಟ ಗುಂಪಿನಲ್ಲಿ ಅಂಗಡಿಗಳ ಮೋಹವುಳ್ಳವರು ಹಿಂದುಳಿದು, ಮೋಹವಿಲ್ಲದವರು ಮೊದಲು ಆಚೆಯ ತುದಿಯನ್ನು ಸೇರುವಂತೆ, ನಾಳದೊಳಗಿನ ಪುಡಿಗೆ ಹೆಚ್ಚು ಅಂಟಿಕೊಳ್ಳುವ ವಸ್ತುಗಳು ತಡವಾಗಿಯೂ ಹರಿಯುವ ದ್ರವವನ್ನೇ ಮೆಚ್ಚುವ ವಸ್ತುಗಳು ಬೇಗನೆಯೂ ಹೊರಬರುತ್ತವೆ. ಹೊರಬಂದ ಪ್ರತಿಯೊಂದಕ್ಕೂ ಅದರದೇ ಆದ ಒಂದು ವೇಳೆಯಿರುತ್ತದೆ.

ಆದರೆ ವೇಳೆಯೊಂದೇ ಸಾಕ್ಷಿಯಾಗದು. ಬೇರೆ ಬೇರೆ ವಸ್ತುಗಳು ಒಂದೇ ವೇಳೆಗೆ ಬರುವುದುಂಟು. ಈ ಕೊರತೆಯನ್ನು ನೀಗಿಸಿದ್ದು ಮಾಸ್ ಸ್ಪೆಕ್ಟ್ರೊಮೀಟರ್ ಎಂಬ ಅಣುತೂಕದ ಯಂತ್ರವು ದ್ರವ ಕ್ರೊಮ್ಯಾಟೊಗ್ರಫಿಯೊಡನೆ ಕೂಡಿಕೊಂಡುದು. ದ್ರವದಲ್ಲಿ ಕರಗಿದ ಅಣುಗಳನ್ನು ಸೂಕ್ಷ್ಮ ತುಂತುರಾಗಿಸಿ ವಿದ್ಯುದಾವೇಶ ಕೊಟ್ಟು ಯಂತ್ರದೊಳಕ್ಕೆ ಕಳುಹಿಸುವ ಉಪಾಯಕ್ಕಾಗಿ ಜಾನ್ ಫೆನ್ 2002ರ ನೊಬೆಲ್ ಪುರಸ್ಕಾರದಲ್ಲಿ ಪಾಲುಗೊಂಡನು. ಸಿಪ್ರೊಫ್ಲಾಕ್ಸಸಿನ್ ಈ ಯಂತ್ರದಲ್ಲಿ 332 ಎಂಬ ಅಂಕದಲ್ಲಿ ಗೋಚರಿಸುತ್ತದೆ. ಅದನ್ನು ಮಾತ್ರ ಆಯ್ದು ಅನಿಲದ ಕಣಗಳಿಗೆ ಢಿಕ್ಕಿ ಹೊಡೆಸಿದರೆ, ಇಂಗಾಲದ ಡೈಆಕ್ಸೈಡಿನ ಒಂದು ಅಣುವನ್ನು ಕಳೆದುಕೊಂಡು 288 ಎಂಬ ತುಣುಕನ್ನೂ ನೀರಿನ ಒಂದು ಅಣುವನ್ನು ಕಳೆದುಕೊಂಡು 314 ಎಂಬ ತುಣುಕನ್ನೂ ಕೊಡುತ್ತದೆ. ಸರಿಯಾದ ವೇಳೆ, ಸರಿಯಾದ ಮೂಲತೂಕ, ಸರಿಯಾದ ತುಣುಕುಗಳು, ಆ ತುಣುಕುಗಳ ನಡುವೆ ಸರಿಯಾದ ಪ್ರಮಾಣ ಈ ನಾಲ್ಕೂ ಕೂಡಿದಾಗಲಷ್ಟೇ ವಸ್ತುವು ಇದೇ ಎಂದು ವಿಶ್ಲೇಷಕನು ಹೇಳುತ್ತಾನೆ.

ಇಷ್ಟಾದರೂ ಯಂತ್ರದ ಮುಂದೆ ನಿಲ್ಲುವ ಮುನ್ನ ಮಾಡುವ ಕೆಲಸವೇ ದೀರ್ಘವಾದುದು, ಮತ್ತು ಸತ್ಯವೂ ಮಿಥ್ಯವೂ ನಿರ್ಣಯವಾಗುವುದು ಅಲ್ಲಿಯೇ ಎಂದು ನನಗೆ ತೋರುತ್ತದೆ. ಬೆಳಕಿಗೆ ಕೆಡುವ ಔಷಧಗಳಿರುವುದರಿಂದ ಮಾದರಿಯನ್ನು ಕಂದುಬಣ್ಣದ ಸೀಸೆಯಲ್ಲಿ ತೆಗೆದು ತಣ್ಣಗಿಡಬೇಕು. ನಲ್ಲಿಯ ನೀರಾದರೆ ಅದರಲ್ಲಿ ಉಳಿದಿರುವ ಕ್ಲೋರಿನ್ನು ಸೀಸೆಯೊಳಗೂ ತನ್ನ ಕೆಲಸವನ್ನು ಮುಂದುವರಿಸಿ, ಪ್ರಯೋಗಶಾಲೆಯನ್ನು ತಲಪುವ ಮುನ್ನವೇ ಸಲ್ಫಾಮೆಥಾಕ್ಸಜೋಲ್, ಟ್ರೈಮೆಥೊಪ್ರಿಮ್ ಮೊದಲಾದವನ್ನು ಬೇರೊಂದು ರೂಪಕ್ಕೆ ತಿರುಗಿಸಬಹುದಾದ್ದರಿಂದ, ಕ್ಲೋರಿನ್ನನ್ನು ತಣಿಸುವ ದ್ರವ್ಯವನ್ನು ಸ್ಥಳದಲ್ಲಿಯೇ ಬೆರೆಸತಕ್ಕದ್ದು. ಉತ್ತರಭಾರತದ ಗಡಸುನೀರಿನಲ್ಲಿ ಕ್ಯಾಲ್ಸಿಯಂ ಮೆಗ್ನೀಸಿಯಂಗಳು ಯಥೇಷ್ಟವಾಗಿರುವುದರಿಂದ, ಅವುಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ಟೆಟ್ರಸೈಕ್ಲಿನ್ ವರ್ಗದ ಔಷಧಗಳನ್ನು ಬಿಡಿಸಲು ಇಡಿಟಿಎ ಎಂಬ ಲವಣವನ್ನು ಹಾಕುತ್ತಾರೆ. ಬಳಿಕ ನೀರನ್ನು ಸೋಸಿ, ಆಮ್ಲೀಯವಾಗಿಸಿ, ಅರ್ಧ ಲೀಟರನ್ನೋ ಒಂದು ಲೀಟರನ್ನೋ ಹೀರುಪದಾರ್ಥ ತುಂಬಿದ ಚಿಕ್ಕ ಕೊಳವೆಯ ಮೂಲಕ ತೊಟ್ಟುತೊಟ್ಟಾಗಿ ಇಳಿಸಿ, ಅದರಲ್ಲಿ ಸಿಕ್ಕಿಕೊಂಡುದನ್ನು ಮೆಥನಾಲಿನಿಂದ ತೊಳೆದು, ಆ ಮೆಥನಾಲನ್ನು ಆರಿಸಿ, ಒಂದು ಮಿಲಿಲೀಟರಿನಷ್ಟಕ್ಕೆ ಇಳಿಸುತ್ತಾರೆ. ಹೀಗೆ ಔಷಧವು ಐನೂರು ಅಥವಾ ಸಾವಿರಪಟ್ಟು ಸಾಂದ್ರವಾಗುತ್ತದೆ. ಅದರೊಡನೆ ನೀರಿನಲ್ಲಿದ್ದ ಸಕಲ ಜೈವಿಕ ಕಶ್ಮಲವೂ ಸಾಂದ್ರವಾಗುತ್ತದೆ ಎಂಬುದೇ ಇಲ್ಲಿಯ ಸಂಕಟ. ನಜಫ್‌ಗಢ ನಾಲೆಯ ನೀರಿನಲ್ಲಿರುವ ಸಾಬೂನು, ಹ್ಯೂಮಿಕ್ ಆಮ್ಲ, ಕೊಬ್ಬು ಇವೆಲ್ಲವೂ ಔಷಧದೊಡನೆ ಒಂದೇ ಕ್ಷಣದಲ್ಲಿ ಹೊರಬಂದು ಅದರ ವಿದ್ಯುದಾವೇಶವನ್ನು ಕಸಿದುಕೊಂಡು, ಇರುವ ಔಷಧವನ್ನು ಇಲ್ಲವೆಂಬಂತೆ ಕುಗ್ಗಿಸಿ ತೋರಿಸುತ್ತವೆ. ಅತ್ಯಂತ ಮಲಿನವಾದ ನೀರಿನಲ್ಲಿಯೇ ಯಂತ್ರವು ಅತ್ಯಂತ ಮಂದವಾಗುವ ಈ ವೈಪರೀತ್ಯವನ್ನು ಪರಿಹರಿಸಲು, ಅದೇ ಔಷಧದ ಕೆಲವು ಪರಮಾಣುಗಳನ್ನು ಭಾರವಾದ ಇಂಗಾಲದಿಂದಲೋ ಜಲಜನಕದಿಂದಲೋ ಬದಲಿಸಿ ತಯಾರಿಸಿದ ಅವಳಿ ವಸ್ತುವನ್ನು ತಿಳಿದ ಪ್ರಮಾಣದಲ್ಲಿ ಮೊದಲೇ ಸೇರಿಸುತ್ತಾರೆ. ಹಾದಿಯಲ್ಲಿ ಅವಳಿಯು ಎಷ್ಟು ನಷ್ಟವಾಯಿತೋ ಅಸಲೂ ಅಷ್ಟೇ ನಷ್ಟವಾಗಿರಬೇಕೆಂಬ ನ್ಯಾಯದಿಂದ ಲೆಕ್ಕವನ್ನು ತಿದ್ದುತ್ತಾರೆ. ಈ ಅವಳಿ ವಸ್ತುಗಳು ಬಹು ಬೆಲೆಯವಾದ್ದರಿಂದ ಅವುಗಳಿಲ್ಲದೆ ನಡೆದ ಅಳತೆಗಳೂ ಸಾಹಿತ್ಯದಲ್ಲಿ ಕಡಮೆಯಿಲ್ಲ. ಓದುಗನು ಅಂಕಿಗೆ ಬೆರಗಾಗುವ ಮುನ್ನ ಅದು ಯಾವ ವಿಧಾನದಿಂದ ಬಂದಿತೆಂದು ನೋಡತಕ್ಕದ್ದು.

ಇಲ್ಲಿ ಮಾತನಾಡುವ ಪ್ರಮಾಣದ ಅಲ್ಪತೆಯನ್ನೂ ಹೇಳಬೇಕು. ನ್ಯಾನೊಗ್ರಾಂ ಎಂದರೆ ಗ್ರಾಮಿನ ನೂರು ಕೋಟಿಯಲ್ಲೊಂದು ಭಾಗ. ಸ್ವೀಡನ್ನಿನ ಬೆಂಗ್ಟ್ಸನ್-ಪಾಲ್ಮೆ ಮತ್ತು ಲಾರ್ಸನ್ 2016ರಲ್ಲಿ 111 ಪ್ರತಿಜೈವಿಕಗಳಿಗೆ, ರೋಗಾಣುಗಳಲ್ಲಿ ನಿರೋಧಕತೆಯನ್ನು ಪ್ರೋತ್ಸಾಹಿಸಲಾರದೆಂದು ನಂಬಬಹುದಾದ ಮಿತಿಗಳನ್ನು ಅಂದಾಜಿಸಿದಾಗ, ಸಿಪ್ರೊಫ್ಲಾಕ್ಸಸಿನ್ನಿಗೆ ಬಂದ ಮಿತಿಯು ಲೀಟರಿಗೆ 64 ನ್ಯಾನೊಗ್ರಾಂ. ಲೆಕ್ಕ ಮಾಡಿ ನೋಡಿದರೆ, 500 ಮಿಲಿಗ್ರಾಮಿನ ಒಂದೇ ಒಂದು ಮಾತ್ರೆಯು ಸುಮಾರು 78 ಲಕ್ಷ ಲೀಟರು ನೀರನ್ನು ಆ ಮಿತಿಯವರೆಗೆ ಮುಟ್ಟಿಸಬಲ್ಲದು.

ಇನ್ನು ಕಂಡುಬಂದುದೇನು? ದೆಹಲಿಯ ಐಐಟಿಯ ಮುಟಿಯಾರ್ ಮತ್ತು ಮಿತ್ತಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನವು ನಗರದ ಕೊಳಚೆ ಶುದ್ಧೀಕರಣ ಘಟಕದಲ್ಲಿಯೂ ಯಮುನೆಯಲ್ಲಿಯೂ ಆಂಪಿಸಿಲಿನ್, ಸಿಪ್ರೊಫ್ಲಾಕ್ಸಸಿನ್, ಗ್ಯಾಟಿಫ್ಲಾಕ್ಸಸಿನ್, ಸ್ಪಾರ್‌ಫ್ಲಾಕ್ಸಸಿನ್, ಸೆಫುರಾಕ್ಸಿಮ್‌ಗಳನ್ನು ಹುಡುಕಿತು. ಒಳಬರುವ ಕೊಳಚೆಯಲ್ಲಿ ಆಂಪಿಸಿಲಿನ್ ಲೀಟರಿಗೆ ಸುಮಾರು 104 ಮೈಕ್ರೊಗ್ರಾಂ, ಶುದ್ಧೀಕರಿಸಿ ಹೊರಬಿಟ್ಟ ನೀರಿನಲ್ಲಿ ಸುಮಾರು 13. ಘಟಕವು ಬಹುಪಾಲನ್ನು ತಡೆಯಿತೆಂದು ಹಿಗ್ಗಬಹುದು. ಉಳಿದುದು ನ್ಯಾನೊಗ್ರಾಮುಗಳಲ್ಲಿ ಹದಿಮೂರು ಸಾವಿರವೆಂಬುದನ್ನೂ ನೆನೆಯಬೇಕು. ಆ 104 ಎಂಬ ಸರಾಸರಿಯ ಪಕ್ಕದಲ್ಲಿ 98ರಷ್ಟು ವ್ಯತ್ಯಾಸಾಂಕವನ್ನು ಸಂಶೋಧಕರು ಪ್ರಾಮಾಣಿಕವಾಗಿ ಕೊಟ್ಟಿದ್ದಾರೆ. ಅರ್ಥಾತ್ ಒಂದು ದಿನದ ಅಳತೆಗೂ ಇನ್ನೊಂದು ದಿನದ ಅಳತೆಗೂ ಅಗಾಧ ಅಂತರ, ಒಂದು ದಿನದ ಸೀಸೆಯಿಂದ ನದಿಯ ಸ್ವಭಾವವನ್ನು ನಿರ್ಣಯಿಸುವಂತಿಲ್ಲ. ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನವು ನದಿಯನ್ನು ಮಾತ್ರವಲ್ಲದೆ ನಗರದ ಬೋರ್‌ವೆಲ್‌ಗಳನ್ನೂ ಗಾಜಿಪುರದ ಕಸದ ರಾಶಿಯ ಸುತ್ತಣ ಅಂತರ್ಜಲವನ್ನೂ ಪರೀಕ್ಷಿಸಿ, ಬೇರ್ಪಡಿಸದೆ ಎಸೆದ ಔಷಧತ್ಯಾಜ್ಯದ ಕಡೆಗೆ ಬೆರಳು ತೋರಿಸಿತು. ಕನ್ನಡಿಗರು ಇದನ್ನು ಪರದೇಶದ ಸುದ್ದಿಯೆಂದು ಭಾವಿಸಬಾರದು. ಕಾವೇರಿಯಲ್ಲಿಯೂ ಔಷಧಾಂಶಗಳಿವೆಯೆಂದು ಮದರಾಸಿನ ಐಐಟಿಯವರು 2021ರಲ್ಲಿ ತೋರಿಸಿದ್ದಾರೆ. ಹೈದರಾಬಾದಿನ ಸಮೀಪದ ಪಟಾಂಚೆರುವಿನಲ್ಲಂತೂ, ಔಷಧ ಕಾರ್ಖಾನೆಗಳ ಹೊರನೀರನ್ನು ಶುದ್ಧೀಕರಿಸುವ ಘಟಕದಿಂದ ಹೊರಬಂದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಮಿನವರೆಗೆ ಸಿಪ್ರೊಫ್ಲಾಕ್ಸಸಿನ್ ಇದ್ದುದನ್ನು ಲಾರ್ಸನ್ ಮತ್ತು ಸಂಗಡಿಗರು 2007ರಲ್ಲಿ ವರದಿ ಮಾಡಿದಾಗ ಜಗತ್ತೇ ಬೆಚ್ಚಿತು.

ಈ ಎಲ್ಲ ಅಧ್ಯಯನಗಳಲ್ಲಿಯೂ ನನ್ನ ಮನಸ್ಸನ್ನು ಹೆಚ್ಚಾಗಿ ಕಲಕುವುದು ಔಷಧವನ್ನಲ್ಲದೆ ಅದರ ಪರಿಣಾಮವನ್ನು ಹುಡುಕಿದ ಒಂದು ಸಮೀಕ್ಷೆ. 2010ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲಿನವರೆಗೆ, ಹೊಸದೆಹಲಿಯ ನಡುಭಾಗದಿಂದ 12 ಕಿಲೋಮೀಟರಿನೊಳಗೆ, ಬೀದಿಯಲ್ಲಿ ಮಡುಗಟ್ಟಿದ ನೀರಿನ 171 ಮಾದರಿಗಳನ್ನೂ ನಲ್ಲಿಯ ನೀರಿನ 50 ಮಾದರಿಗಳನ್ನೂ ಸಂಗ್ರಹಿಸಿ, ವಾಲ್ಷ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಪರೀಕ್ಷಿಸಿದರು. ಅತಿ ಪ್ರಬಲ ಪ್ರತಿಜೈವಿಕಗಳನ್ನೂ ನಿಷ್ಫಲಗೊಳಿಸುವ ಎನ್‌ಡಿಎಂ-1 ಎಂಬ ಜೀನು ಮಡುನೀರಿನ 51 ಮಾದರಿಗಳಲ್ಲಿಯೂ ನಲ್ಲಿನೀರಿನ 2 ಮಾದರಿಗಳಲ್ಲಿಯೂ ದೊರೆಯಿತು. ಅದನ್ನು ಹೊತ್ತ ಜೀವಾಣುಗಳಲ್ಲಿ ಕಾಲರಾ ಮತ್ತು ಆಮಶಂಕೆಯ ರೋಗಾಣುಗಳೂ ಇದ್ದವು. ರಾಜಧಾನಿಯ ಹೆಸರನ್ನು ಆ ಜೀನಿಗೆ ಇಟ್ಟುದರಿಂದ ಆಗಲೇ ನೊಂದಿದ್ದ ನಮ್ಮ ಅಧಿಕಾರಿಗಳು 2011ರಲ್ಲಿ ಪ್ರಕಟವಾದ ಈ ವರದಿಯನ್ನೂ ಅಸಮಾಧಾನದಿಂದಲೇ ಸ್ವೀಕರಿಸಿದರು. ಹೆಸರಿನ ವ್ಯಥೆಯು ಅರ್ಥವಾಗತಕ್ಕದ್ದೇ. ಆದರೆ ಐವತ್ತರಲ್ಲಿ ಎರಡು ನಲ್ಲಿಗಳೆಂಬ ಅಂಕಿಯನ್ನು ಪ್ರತಿವರ್ಷವೂ ನಾವೇ ಅಳೆದು ನೋಡುವುದೇ ಅದಕ್ಕೆ ತಕ್ಕ ಉತ್ತರವಾಗುತ್ತಿತ್ತು.

ಅಂಕಿಗಳನ್ನು ಪಡೆದ ಮೇಲೆ ಅವುಗಳಿಂದ ಅರ್ಥವನ್ನು ಪಡೆಯುವ ಕೆಲಸಕ್ಕೆ ಗಣಿತವು ಬೇಕು. ಇಲ್ಲಿಯ ಮೊದಲ ತೊಡಕು 'ಪತ್ತೆಯಾಗಿಲ್ಲ' ಎಂಬ ಒಂದು ಪದದಲ್ಲಿ ಅಡಗಿದೆ. ಯಾವ ವಿಧಾನಕ್ಕೂ ತಾನು ಕಾಣಬಲ್ಲ ಕನಿಷ್ಠ ಪ್ರಮಾಣವೊಂದಿರುತ್ತದೆ. ಅದಕ್ಕಿಂತ ಕೆಳಗಿರುವುದು ಶೂನ್ಯವೂ ಆಗಿರಬಹುದು, ಆ ಮಿತಿಯ ಹೊಸ್ತಿಲಲ್ಲಿಯೂ ಇರಬಹುದು. ಊಹೆಗೆಂದು ಹತ್ತು ನಲ್ಲಿಗಳ ಮಾದರಿಗಳನ್ನು ತೆಗೆದುಕೊಳ್ಳೋಣ: ವಿಧಾನದ ಮಿತಿ ಲೀಟರಿಗೆ 10 ನ್ಯಾನೊಗ್ರಾಂ, ಮೂರರಲ್ಲಿ 20, 30, 40 ಎಂದು ಬಂದಿದೆ, ಉಳಿದ ಏಳರಲ್ಲಿ ಪತ್ತೆಯಾಗಿಲ್ಲ. ಏಳನ್ನೂ ಶೂನ್ಯವೆಂದರೆ ಸರಾಸರಿಯು 9. ಮಿತಿಯ ಅರ್ಧವೆಂದರೆ 12.5; ಮಿತಿಯಷ್ಟೇ ಎಂದರೆ 16. ಒಂದೇ ನೀರು, ಒಂದೇ ಯಂತ್ರ, ಮೂರು ಸರಾಸರಿಗಳು. ಅಮೆರಿಕದ ಡೆನ್ನಿಸ್ ಹೆಲ್ಸೆಲ್ ಮೊದಲಾದವರು ಪರಿಸರದ ಅಂಕಿಗಳ ಈ ರೋಗವನ್ನು ಕುರಿತು ದಶಕಗಳಿಂದ ಬರೆಯುತ್ತ, ಮನಬಂದ ಅಂಕಿಯನ್ನು ತುಂಬುವುದರ ಬದಲು, ಕಂಡ ಅಂಕಿಗಳ ಹಂಚಿಕೆಯನ್ನೂ ಕಾಣದ ಅಂಕಿಗಳ ಸಂಖ್ಯೆಯನ್ನೂ ಒಟ್ಟಿಗೆ ಬಳಸಿಕೊಂಡು ಸಂಭಾವ್ಯತೆಯ ನಿಯಮದಿಂದ ಅಂದಾಜಿಸುವ ಮಾರ್ಗಗಳನ್ನು ತೋರಿಸಿಕೊಟ್ಟಿದ್ದಾರೆ. ಕುಡಿಯುವ ನೀರಿನಲ್ಲಿ ಬಹುತೇಕ ಮಾದರಿಗಳು ಮಿತಿಯ ಕೆಳಗೇ ಬೀಳುವುದರಿಂದ, ಚರಂಡಿನೀರಿನ ಅಧ್ಯಯನದಲ್ಲಿ ಗೌಣವಾಗಿದ್ದ ಈ ಸೂಕ್ಷ್ಮವು ನಲ್ಲಿನೀರಿನ ಅಧ್ಯಯನದಲ್ಲಿ ಸರ್ವಸ್ವವಾಗುತ್ತದೆ. ಮಿತಿಯನ್ನು ಹೇಳದೆ 'ಪತ್ತೆಯಾಗಿಲ್ಲ' ಎಂದಷ್ಟೇ ಹೇಳುವ ಪ್ರಮಾಣಪತ್ರವು ಪ್ರಮಾಣವೇ ಅಲ್ಲವೆಂದು ನಾನು ನಿಸ್ಸಂಕೋಚವಾಗಿ ಹೇಳುತ್ತೇನೆ.

ಗಣಿತದ ಎರಡನೆಯ ಬಳಕೆಯು ಅಳೆಯದ ಕಡೆಯಲ್ಲಿ ಊಹಿಸುವುದಕ್ಕೆ. ಎಷ್ಟು ಜನ, ತಲೆಗೆ ಎಷ್ಟು ಔಷಧ, ದೇಹದಿಂದ ಹೊರಬೀಳುವ ಅಂಶವೆಷ್ಟು, ಶುದ್ಧೀಕರಣದಲ್ಲಿ ಉಳಿಯುವುದೆಷ್ಟು, ನದಿಯ ಹರಿವೆಷ್ಟು ಎಂಬಿವನ್ನು ಗುಣಿಸಿ ಭಾಗಿಸಿದರೆ ನಿರೀಕ್ಷಿತ ಪ್ರಮಾಣವು ದೊರೆಯುತ್ತದೆ. ಯುರೋಪಿನ ನದಿಗಳಿಗೆ ಇದು ತಕ್ಕಮಟ್ಟಿಗೆ ಹೊಂದುತ್ತದೆ. ಯಮುನೆಗೆ ಇದು ಸುಲಭವಾಗಿ ಹೊಂದದಿರಲು ಕಾರಣಗಳುಂಟು. ಚೀಟಿಯಿಲ್ಲದೆ ಮಾರಾಟವಾದ ಔಷಧವು ಲೆಕ್ಕಕ್ಕೆ ಸಿಗುವುದಿಲ್ಲ; ಒಳಚರಂಡಿಯ ಸಂಪರ್ಕವಿಲ್ಲದ ಬಡಾವಣೆಗಳ ಕೊಳಚೆ ಘಟಕವನ್ನು ಸೇರುವುದಿಲ್ಲ; ಮಳೆಗಾಲದ ಮೂರು ತಿಂಗಳು ತುಂಬಿ ಹರಿಯುವ ನದಿಯು ಬೇಸಗೆಯಲ್ಲಿ ವಜೀರಾಬಾದಿನ ಕೆಳಗೆ ತನ್ನದೆನ್ನಬಹುದಾದ ನೀರನ್ನೇ ಬಹುವಾಗಿ ಕಳೆದುಕೊಂಡಿರುತ್ತದೆ. ಹಲವು ಔಷಧಗಳ ಅಂಕಿಗಳು ಒಟ್ಟಿಗೆ ಏರಿಳಿಯುವ ಕ್ರಮವನ್ನು ನೋಡಿ, ಇದು ಆಸ್ಪತ್ರೆಯ ಗುರುತು, ಇದು ಕೋಳಿಫಾರಮಿನ ಗುರುತು ಎಂದು ಮೂಲಗಳನ್ನು ಬಿಡಿಸುವ ಗಣಿತವೂ ಇದೆ. ಅದಕ್ಕೆ ನೂರಾರು ಮಾದರಿಗಳ ನಿರಂತರ ದಾಖಲೆ ಬೇಕು; ಬಿಡಿ ಬಿಡಿ ಪ್ರಬಂಧಗಳ ಬಿಡಿ ಬಿಡಿ ಋತುಗಳಿಂದ ಅದು ಸಾಧ್ಯವಿಲ್ಲ. ಗಣಿತವು ಅಳತೆಗೆ ಬದಲಿಯೆಂದು ಭಾವಿಸುವ ಇಂದಿನ ಉತ್ಸಾಹವನ್ನು ನಾನು ಒಪ್ಪಲಾರೆ.

ಹಾಗಾದರೆ ಇಷ್ಟು ಅಲ್ಪವಾದ ಔಷಧದಿಂದ ಹಾನಿಯೇನು? ಲೀಟರಿಗೆ 64 ನ್ಯಾನೊಗ್ರಾಂ ಇರುವ ನೀರನ್ನು ದಿನಕ್ಕೆ ಎರಡು ಲೀಟರಿನಂತೆ ಎಪ್ಪತ್ತು ವರ್ಷ ಕುಡಿದವನ ದೇಹಕ್ಕೆ ಸೇರುವುದು ಒಟ್ಟು ಮೂರು ಮಿಲಿಗ್ರಾಮಿಗಿಂತ ಸ್ವಲ್ಪ ಹೆಚ್ಚು. ಒಂದು ಮಾತ್ರೆಯ ನೂರರಲ್ಲೊಂದು ಭಾಗವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಸಹ ಕುಡಿಯುವ ನೀರಿನಲ್ಲಿಯ ಔಷಧಲೇಶಗಳಿಂದ ಮನುಷ್ಯದೇಹಕ್ಕೆ ನೇರವಾದ ಅಪಾಯವು ಅಸಂಭವವೆಂದು ಅಭಿಪ್ರಾಯಪಟ್ಟಿದೆ. ಈ ಮಾತನ್ನು ಮುಚ್ಚಿಟ್ಟು ಜನರನ್ನು ಹೆದರಿಸುವುದು ಸರಿಯಲ್ಲ. ಅಪಾಯವಿರುವುದು ಕುಡಿಯುವವನ ರಕ್ತದಲ್ಲಲ್ಲ, ನಾಲೆಯ ಕೆಸರಿನಲ್ಲಿ, ಶುದ್ಧೀಕರಣ ಘಟಕದ ತೊಟ್ಟಿಯಲ್ಲಿ, ಕೊಳವೆಯ ಒಳಮೈಗೆ ಅಂಟಿದ ಲೋಳೆಯಲ್ಲಿ ವಾಸಿಸುವ ಅಸಂಖ್ಯಾತ ಜೀವಾಣುಗಳ ನಡುವೆ. ಅಲ್ಲಿ ಈ ಲೇಶವು ಕೊಲ್ಲಲಾರದು, ಆದರೆ ನಿರೋಧಕ ಜೀನುಳ್ಳವುಗಳಿಗೆ ಅನುಕೂಲವನ್ನೂ ಇಲ್ಲದವುಗಳಿಗೆ ಪ್ರತಿಕೂಲವನ್ನೂ ತಂದು, ತಲೆಮಾರು ತಲೆಮಾರಿಗೂ ಆಯ್ಕೆ ನಡೆಸುತ್ತದೆ. ಕಡಮೆ ಪ್ರಮಾಣದ ಪೆನಿಸಿಲಿನ್ನಿಗೆ ಒಡ್ಡಿದ ಜೀವಾಣುಗಳು ಅದನ್ನು ಸಹಿಸಲು ಕಲಿಯುವುವೆಂದು ಫ್ಲೆಮಿಂಗನೇ ತನ್ನ 1945ರ ನೊಬೆಲ್ ಉಪನ್ಯಾಸದಲ್ಲಿ ಎಚ್ಚರಿಸಿದ್ದನು.

ನಿಯಮಗಳ ಸ್ಥಿತಿಯನ್ನು ಕುರಿತು ಬಹಳ ಹೇಳಬೇಕಾದುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500, ತನ್ನ 2012ರ ಪರಿಷ್ಕರಣದಲ್ಲಿ ಕೀಟನಾಶಕಗಳಿಗೆ ಮಿತಿಗಳನ್ನು ಕೊಡುತ್ತದೆ, ಪ್ರತಿಜೈವಿಕಗಳಿಗೆ ಕೊಡುವುದಿಲ್ಲ. ಔಷಧ ಕಾರ್ಖಾನೆಗಳ ಹೊರನೀರಿನಲ್ಲಿ 121 ಪ್ರತಿಜೈವಿಕಗಳಿಗೆ ಮಿತಿ ವಿಧಿಸುವ ಕರಡನ್ನು ಕೇಂದ್ರ ಪರಿಸರ ಸಚಿವಾಲಯವು 2020ರ ಜನವರಿಯಲ್ಲಿ ಪ್ರಕಟಿಸಿತು. 2021ರ ಆಗಸ್ಟಿನ ಅಂತಿಮ ಅಧಿಸೂಚನೆಯಲ್ಲಿ ಆ ಮಿತಿಗಳು ಇರಲಿಲ್ಲ. ಯಂತ್ರಗಳ ಅಭಾವವೆಂಬ ಸಬೂಬು ರಾಜಧಾನಿಯಲ್ಲಿ ನಿಲ್ಲದು. ಪರದೇಶಗಳು ನಮ್ಮ ಜೇನನ್ನೂ ಸೀಗಡಿಯನ್ನೂ ಪ್ರತಿಜೈವಿಕದ ಕಾರಣದಿಂದ ಹಿಂದಿರುಗಿಸತೊಡಗಿದಾಗ ರಫ್ತಿನ ಪ್ರಯೋಗಶಾಲೆಗಳು ಈ ವಿದ್ಯೆಯನ್ನು ಬೇಗನೆ ಕಲಿತವು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವೆಂಬ ಸರ್ಕಾರೇತರ ಸಂಸ್ಥೆಯು 2014ರಲ್ಲಿ ದೆಹಲಿ, ನೊಯ್ಡಾ, ಗುರುಗ್ರಾಮ, ಫರೀದಾಬಾದ್, ಗಾಜಿಯಾಬಾದ್‌ಗಳಿಂದ 70 ಕೋಳಿಮಾಂಸದ ಮಾದರಿಗಳನ್ನು ತಂದು ಪರೀಕ್ಷಿಸಿ, ನೂರಕ್ಕೆ 40ರಲ್ಲಿ ಪ್ರತಿಜೈವಿಕದ ಶೇಷವನ್ನು ಕಂಡಿತು. ಮಾಂಸದಲ್ಲಿ ಹುಡುಕಬಲ್ಲ ನಾವು ನೀರಿನಲ್ಲಿ ಹುಡುಕಲಾರೆವೆನ್ನುವಂತಿಲ್ಲ. ಅನುಕೂಲಸ್ಥರ ಅಡುಗೆಮನೆಯಲ್ಲಿರುವ ಆರ್‌ಒ ಯಂತ್ರವೂ ಪರಿಹಾರವಲ್ಲ. ಅದರ ಪೊರೆಯು ಔಷಧದ ಬಹುಪಾಲನ್ನು ತಡೆಯುವುದು ನಿಜವಾದರೂ, ತಡೆದುದೆಲ್ಲವೂ ತಿರಸ್ಕೃತ ನೀರಿನೊಡನೆ ಮೋರಿಗೆ ಇಳಿದು ಪುನಃ ನಾಲೆಯನ್ನೇ ಸೇರುತ್ತದೆ. ಕೊಂಡುಕೊಳ್ಳಲಾರದವನು ಟ್ಯಾಂಕರಿನ ಮುಂದೆ ಡಬ್ಬ ಹಿಡಿದು ನಿಂತಿರುತ್ತಾನೆ.

ಮಾಡಬೇಕಾದುದು ಅಸಾಧ್ಯವಾದುದಲ್ಲ. ವಜೀರಾಬಾದ್, ಹೈದರ್‌ಪುರ, ಸೋನಿಯಾ ವಿಹಾರಗಳಲ್ಲಿ ಘಟಕಕ್ಕೆ ಬರುವ ನೀರನ್ನೂ ಬಿಟ್ಟುಹೋಗುವ ನೀರನ್ನೂ, ಅಲ್ಲಿಂದ ದೂರದ ಬಡಾವಣೆಗಳ ಕೊನೆಯ ನಲ್ಲಿಯ ನೀರನ್ನೂ, ಬೋರ್‌ವೆಲ್ ಮತ್ತು ಟ್ಯಾಂಕರುಗಳ ನೀರನ್ನೂ ತಿಂಗಳಿಗೊಮ್ಮೆಯಾದರೂ, ಮಳೆಗಾಲ ಬೇಸಗೆಗಳೆರಡರಲ್ಲಿಯೂ ಸಂಗ್ರಹಿಸತಕ್ಕದ್ದು. ಆಯ್ದ ಕೆಲವು ಪ್ರತಿಜೈವಿಕಗಳನ್ನು ಭಾರವಾದ ಅವಳಿ ವಸ್ತುಗಳ ಸಹಾಯದಿಂದ ಅಳೆದು, ಅದೇ ಸೀಸೆಯ ನೀರಿನಲ್ಲಿಯೇ ನಿರೋಧಕ ಜೀನುಗಳನ್ನೂ ಎಣಿಸತಕ್ಕದ್ದು. ಔಷಧವನ್ನು ಮಾತ್ರ ಅಳೆದರೆ ಕಾರಣವಷ್ಟೇ, ಜೀನನ್ನು ಮಾತ್ರ ಎಣಿಸಿದರೆ ಕಾರ್ಯವಷ್ಟೇ ದೊರೆಯುವುದು. ಇವೆರಡನ್ನೂ ಒಂದೇ ಮಾದರಿಯಲ್ಲಿ ವರ್ಷಗಟ್ಟಲೆ ಕೂಡಿಸಿ ನೋಡುವ ವ್ಯವಸ್ಥೆಯೇ ದೆಹಲಿಗೆ ಬೇಕಾಗಿದೆ. ಆ ಅಂಕಿಗಳನ್ನು ಪ್ರತಿಯೊಂದರ ಪತ್ತೆಮಿತಿಯೊಡನೆ, ಅನಿಶ್ಚಿತತೆಯೊಡನೆ, ಮಾದರಿ ತೆಗೆದ ಸ್ಥಳ ಮತ್ತು ದಿನಾಂಕದೊಡನೆ, ಆ ನೀರನ್ನು ಕುಡಿಯುವವರ ಭಾಷೆಯಲ್ಲಿ, ಅವರ ಬಡಾವಣೆಯ ಹೆಸರು ಹಿಡಿದು ಪ್ರಕಟಿಸತಕ್ಕದ್ದು. ಮತ್ತು ಅದರ ಒಂದು ಪ್ರತಿಯನ್ನು ಆಗ್ರಾದ ಜಲಾಗಾರಕ್ಕೂ ಕಳುಹಿಸತಕ್ಕದ್ದು.